ಬ್ರೆಡ್ಡಿನ ಚೂರಿನಿಂದ ಅಳಿಸಿದ ಹೆಂಗಸು

ನೋಡಿ, ಇದು ದೂರದ ಹಾಲೆಂಡಿನ ಕಥೆ. ನೂರೈವತ್ತು ವರ್ಷಗಳ ಹಿಂದೆ ಅಲ್ಲೊಬ್ಬ ಸಿರಿವಂತನಿದ್ದ. ಅವನು ಕೊರ್ನೆಲಿಸ್ ಎಂಬ ಚಿತ್ರಗಾರನನ್ನು ಕರೆಸಿ ಹೇಳಿದ: "ನನ್ನ ಕೋಣಿಗೊಂದು ಚಿತ್ರ ಬೇಕು. ಕಾಲುವಿ ಬರಿ, ಮುಗಿಲು ಬರಿ. ನೋಡಿದವರಿಗೆ ಶಾಂತಿ ಸಿಗಬೇಕು. ಮಂದಿ ಬ್ಯಾಡ."

ಮಂದಿ ಬೇಡ! ಕೇಳಿದಿರಾ?

ಕೊರ್ನೆಲಿಸ್ ಕಾಲುವೆಯ ದಂಡೆಗೆ ಹೋಗಿ ಕುಳಿತ. ಕೈಯಲ್ಲಿ ಇದ್ದಿಲಿನ ಕಡ್ಡಿ. ಇದ್ದಿಲಿನ ಗೆರೆ ಅಳಿಸಲು ಆಗಿನ ಚಿತ್ರಗಾರರು ಮೆತ್ತನೆಯ ಬ್ರೆಡ್ಡಿನ ಚೂರು ಬಳಸುತ್ತಿದ್ದರು.

ಒಂದು ದೋಣಿ ಬಂತು. ಅದರ ತುಂಬ ಒಲೆಗೆ ಹಾಕುವ, ಒಣಗಿಸಿದ ಜೌಗುಮಣ್ಣಿನ ಹೆಂಟೆಗಳು. ಎಳೆಯುತ್ತಿದ್ದದ್ದು ಎತ್ತಲ್ಲ, ಕುದುರೆಯಲ್ಲ. ಆಲ್ಚೆ ಎಂಬ ಹೆಂಗಸು. ದೋಣಿಯ ಹಗ್ಗಕ್ಕೆ ಕಟ್ಟಿದ ಪಟ್ಟಿಯನ್ನು ಎದೆಗೆ ಬಿಗಿದುಕೊಂಡು, ದಂಡೆಯ ಮೇಲೆ ನೆಲ ಮುಟ್ಟುವಷ್ಟು ಬಾಗಿ ನಡೆಯುತ್ತಿದ್ದಳು. ಕೊರ್ನೆಲಿಸನ ಕೈ ತಡೆಯಲಿಲ್ಲ, ಅವಳನ್ನೂ ಬರೆದುಬಿಟ್ಟ. ಆಮೇಲೆ ಧಣಿಯ ಮಾತು ನೆನಪಾಯಿತು. ಬ್ರೆಡ್ಡು ಮುರಿದು ಉಜ್ಜಿದ. ತಲೆ ಹೋಯಿತು, ಬೆನ್ನು ಹೋಯಿತು, ಕಾಲು ಹೋಯಿತು.

ಅಷ್ಟರಲ್ಲಿ ಆಲ್ಚೆ ಅವನ ಹಿಂದೆ ಬಂದು ನಿಂತಿದ್ದಳು. ಕೊರ್ನೆಲಿಸ್ ನಾಚಿ ಹಾಳೆ ಮುಚ್ಚಲು ಹೋದ. ಅವಳ ಕಣ್ಣು ಹಾಳೆಯ ಮೇಲೆ ನಿಲ್ಲಲಿಲ್ಲ. ಕೆಳಗೆ ಬಿದ್ದ ಕರೀ ಚೂರುಗಳ ಮೇಲಿತ್ತು.

"ನನ್ನ ಅಳಿಸಿದಿ, ಇರಲಿ ಬಿಡೋ ಯಪ್ಪಾ," ಎಂದಳು. "ಆದರ ಬ್ರೆಡ್ ಯಾಕ ಹಾಳ ಮಾಡಿದಿ? ಮುಂಜಾನಿಂದ ನಾ ಏನೂ ತಿಂದಿಲ್ಲ."

ಕೊರ್ನೆಲಿಸ್ ಉಳಿದ ಬ್ರೆಡ್ಡನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಅವಳು ಪಟ್ಟಿ ಕಳಚದೆ, ನಿಂತಲ್ಲೇ ತಿಂದಳು. ಅವಳು ತಿನ್ನುವಷ್ಟು ಹೊತ್ತಿನಲ್ಲಿ ಅವನು ಅವಳನ್ನು ಮತ್ತೆ ಬರೆದ, ಈ ಸಲ ಇನ್ನೂ ಕಪ್ಪಾಗಿ, ಇನ್ನೂ ದೊಡ್ಡದಾಗಿ.

ಚಿತ್ರ ನೋಡಿ ಧಣಿ ಸಿಟ್ಟಾದ. "ಈಕಿನ್ನ ತಗಿ. ಶಾಂತಿ ಕೆಡತೈತಿ."

"ತಗಿಯಾಂಗಿಲ್ರಿ ಧಣಿ. ನಿಮ್ಮ ಒಲಿ ಉರಿಯಾಕತ್ತಿದ್ದು ಈಕಿ ಎಳದು ತಂದಿದ್ದರಿಂದ."

ಧಣಿ ಬಾಗಿಲು ತೋರಿಸಿದ. ಕೊರ್ನೆಲಿಸ್ ಚಿತ್ರ ಸುತ್ತಿಕೊಂಡು, ಒಂದು ಕಾಸೂ ಸಿಗದೆ ಮನೆಗೆ ನಡೆದ. ಮತ್ತೆಂದೂ ಆ ಮನೆಯಿಂದ ಅವನಿಗೆ ಕರೆ ಬರಲಿಲ್ಲ.

ಧಣಿಯನ್ನು ಬೈದು ಹಗುರಾಗಬೇಡಿ, ತಾಯಂದಿರೇ, ಅಣ್ಣಂದಿರೇ. ನಾವು ಯಾರನ್ನು ಅಳಿಸಿದ್ದೇವೆ? ಈ ಮಠದ ಹಿಂದೆ, ಪಾತ್ರೆ ತಿಕ್ಕುವ ಕಟ್ಟೆಯ ಮೇಲೆ ನಾಲ್ವರು ಹೆಣ್ಣುಮಕ್ಕಳು ಕುಳಿತಿದ್ದಾರೆ. ಅವರು ಉಂಡಿದ್ದಾರೆಯೇ? ನಿಮಗೆ ಗೊತ್ತಿಲ್ಲ. ನೋಡಿ, ನನಗೂ ಗೊತ್ತಿಲ್ಲ. ಹನ್ನೊಂದು ವರ್ಷ ಈ ಪೀಠದ ಮೇಲೆ ಕುಳಿತು ಮಾತಾಡಿದ್ದೇನೆ, ಒಂದು ದಿನವೂ ಕೇಳಿಲ್ಲ.

ಮನೆಗೆ ಹೋದ ಮೇಲೆ ನಿಮ್ಮ ಕೆಲಸಕ್ಕೆ ಬರುವವರನ್ನು ಉಂಡಿರಾ ಎಂದು ಕೇಳಿ. ದಿನಾ ಕೇಳಿ. ಇವತ್ತು ಮಾತ್ರ ಇಲ್ಲಿಂದಲೇ ಶುರು ಮಾಡೋಣ. ಎದ್ದ ಕೂಡಲೇ ಊಟದ ಸಾಲಿಗೆ ಹೋಗಬೇಡಿ. ಮಠದ ಹಿಂದಿನ ಆ ಕಟ್ಟೆಗೆ ಬನ್ನಿ. ಮೊದಲ ಎಲೆ ಅವರಿಗೆ ಹಾಕೋಣ. ನಾನು ಬಡಿಸುತ್ತೇನೆ.