ಇಬ್ಬರು ಜಂಬಪ್ಪ, ಒಂದು ಚುಕ್ಕೆ

ನಾನು ಮೌನೇಶ್ ತಂದೆ ಹನುಮಣ್ಣ, ವಯಸ್ಸು 20 ವರ್ಷ, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು, ಕಂಪ್ಯೂಟರ್ ಮತ್ತು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ವಾಸ ಚಿತ್ತವಾಡ್ಗಿ, ಹೊಸಪೇಟೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ,

ದಿನಾಂಕ 10-06-2024ರಂದು ಮಧ್ಯಾಹ್ನ 12-30ಕ್ಕೆ ಕುರೆಕುಪ್ಪದ ಒಂದು ಅದಿರು ಲಾರಿ ಕಂಪನಿಯ ಭದ್ರತಾ ಅಧಿಕಾರಿ ಅಕ್ಷೋಭ್ಯ ಎಂಬುವರು ಅಂಗಡಿಗೆ ಪೆನ್‌ಡ್ರೈವ್ ತಂದರು. ಡೀಸೆಲ್ ಕಳ್ಳರನ್ನು ಹಿಡಿಯಲು, ತಮ್ಮ ಚಾಲಕರು ಕಂಪನಿಯ ಫೋನಿನಿಂದ ಯಾರಿಗೆ ಮಾತಾಡಿದ್ದಾರೆಂಬ ನಕ್ಷೆ ಮಾಡಿಸಿರುವುದಾಗಿ ಹೇಳಿದರು. ಅದರಲ್ಲಿ ಒಬ್ಬ ಮನುಷ್ಯ ಒಂದು ಚುಕ್ಕೆ, ಒಂದು ಕರೆ ಒಂದು ಗೆರೆ. ಮ್ಯಾನೇಜರರ ಕಂಪ್ಯೂಟರಿನಲ್ಲಿ ಬೇರೆ ಸಾಫ್ಟ್‌ವೇರ್ ಇರುವುದರಿಂದ ಫೈಲ್ ತೆರೆಯುತ್ತಿಲ್ಲ, ಅದಕ್ಕೆ ಹೊಂದುವಂತೆ ಬದಲಿಸಿ ಕೊಡು ಎಂದರು.

ನಾನು 1-05ಕ್ಕೆ ಬದಲಿಸಿ ಕೊಟ್ಟೆ. ಅವರ ಫೈಲಿನಲ್ಲಿ ಪ್ರತಿ ಚುಕ್ಕೆಗೆ ಫೋನ್ ನಂಬರೇ ಗುರುತು, ಹೆಸರು ಬರೀ ಪಕ್ಕದ ಬರಹ. ನಾನು ಗುರುತಿನ ಜಾಗಕ್ಕೆ ಹೆಸರಿನ ಕಾಲಂ ಕೊಟ್ಟೆ. ಚಾಲಕರಲ್ಲಿ ಮೆಟ್ರಿಯ ಒಬ್ಬರು ಜಂಬಪ್ಪ, ಸಂಡೂರಿನ ಒಬ್ಬರು ಜಂಬಪ್ಪ. ನಮ್ಮ ಕಡೆ ಬಸ್ಸಿನಲ್ಲಿ ಜಂಬಪ್ಪ ಎಂದು ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಹೆಸರು ಒಂದೇ ಆದ್ದರಿಂದ ಸಾಫ್ಟ್‌ವೇರ್ ಇಬ್ಬರನ್ನೂ ಒಂದೇ ಚುಕ್ಕೆ ಮಾಡಿತು. ವಿಳಾಸ ಮೆಟ್ರಿಯವರದು ಉಳಿಯಿತು, ಸಂಡೂರಿನವರ 61 ಗೆರೆಗಳು ಅದಕ್ಕೆ ಬಂದು ಸೇರಿದವು.

13ರಂದು ಮಧ್ಯಾಹ್ನ 3-10ಕ್ಕೆ ಮೆಟ್ರಿ ಜಂಬಪ್ಪನವರ ಹೆಂಡತಿ ಚೆನ್ನಬಸಮ್ಮ ಎಂಬುವರು, ವಕೀಲರಿಗೆ ಕೊಡಲು ದೂರಿನ ಪ್ರತಿ ಜೆರಾಕ್ಸ್ ಮಾಡಿಸಲು ನಮ್ಮ ಅಂಗಡಿಗೇ ಬಂದರು. ಎಲ್ಲರಿಗಿಂತ ಹೆಚ್ಚು ಗೆರೆ ಇರುವವನೇ ಕಳ್ಳ ಎಂಬ ಕಂಪನಿಯ ದೂರಿನ ಮೇಲೆ ಹಿಂದಿನ ದಿನ ಗಂಡ ಜೈಲಿಗೆ ಹೋದರೆಂದು ತಿಳಿಸಿದರು. ದೂರಿನ ಜೊತೆ ಆ ನಕ್ಷೆ ಇತ್ತು. ನಡುವಿನ ದೊಡ್ಡ ಚುಕ್ಕೆಯ ಮೇಲೆ ಬೆರಳಿಟ್ಟು, "ಇಷ್ಟು ಗೆರಿ ಎಲ್ಲಿಂದ ಬಂದ್ವಪ್ಪಾ? ಆತ ನನಗ ಸೈತ ಫೋನ್ ಹಚ್ಚಲ್ಲ," ಎಂದರು. ಎರಡು ಪ್ರತಿ ಕೇಳಿದ್ದರು, ಐದು ತೆಗೆದುಕೊಟ್ಟೆ.

ಅದೇ ಸಂಜೆ 5-15ಕ್ಕೆ, ಸುಮಾರು 30 ಕಿ.ಮೀ. ದೂರದ ಕುರೆಕುಪ್ಪಕ್ಕೆ ಹೋಗಿ ಅಕ್ಷೋಭ್ಯ ಅವರಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿದ್ದ ಮೊದಲಿನದು, ಬದಲಿಸಿದ್ದು ಎರಡೂ ಫೈಲ್ ತೋರಿಸಿದೆ. ಅವರು ಎರಡು ಸಲ ನೋಡಿದರು. ದೂರು ಹಿಂದೆ ತೆಗೆದುಕೊಂಡರೆ ಕಂಪನಿಯ ಮರ್ಯಾದೆ ಹೋಗುತ್ತದೆ ಎಂದರು. "ಒಂಬತ್ತನೇತ್ತ ಬಿಟ್ಟಾವ ನನಗ ಪಾಠ ಹೇಳ್ತೀಯೇನಲೇ? ಯಾವನೋ ಒಬ್ಬ ಜಂಬಪ್ಪ ಕದ್ದಾನ, ನಡಿ," ಎಂದು ಬಾಗಿಲು ತೋರಿಸಿದರು.

ಈ ದಿನ ಎರಡೂ ಫೈಲುಗಳನ್ನು ಠಾಣೆಗೆ ಒಪ್ಪಿಸಿದ್ದೇನೆ.

ಈ ಹೇಳಿಕೆ ಬರೆದುಕೊಂಡ ಠಾಣೆಯ ಪೊಲೀಸ್ ಉಚ್ಚೆಂಗಪ್ಪನವರು ನನಗೆ ಓದಿ ಹೇಳಿದಾಗ "ತಿಳಿಯದೆ ಆದ ತಪ್ಪು" ಎಂದಿತ್ತು. ಹಾಗೇ ಇರಲಿ, ನಿನಗೇ ಒಳ್ಳೆಯದು ಎಂದರು. ನಾನು ಆ ಮಾತನ್ನು ಹೊಡೆದುಹಾಕಿಸಿದ್ದೇನೆ. ಬದಲಿಸುವ ಮೊದಲು 42 ಚುಕ್ಕೆಗಳಿದ್ದವು, ಆಮೇಲೆ ಪರದೆಯ ಮೇಲೆ 41 ಎಂದು ಬಂದಿತ್ತು. ನಾನು ನೋಡಿದ್ದೆ. ಊಟಕ್ಕೆ ಹೋಗುವ ಅವಸರವಿತ್ತು. ಒಂದು ಚುಕ್ಕೆ ತಾನೇ ಎಂದುಕೊಂಡೆ.

ಮೇಲೆ ಬರೆದದ್ದೆಲ್ಲ ನಾನು ಹೇಳಿದ್ದೇ, ಹೊಡೆದುಹಾಕಿಸಿದ್ದೂ ನಾನೇ.

ಸ್ಥಳ: ಹೊಸಪೇಟೆ
ದಿನಾಂಕ: 14-06-2024
ಸಹಿ: ಮೌನೇಶ್