ಕೈ ಎತ್ತಿ ಶುದ್ಧ ಮಾಡಿದ ನೀರು

ನಡುವಿನ ಕುರ್ಚಿಯಲ್ಲಿ ಕುಳಿತ ಪಂಚಾಯ್ತಿ ಅಧ್ಯಕ್ಷರಾದ ಮಾನ್ಯ ರಾಮಲಿಂಗಪ್ಪನವರೇ, ಅವರ ಎಡಬಲಕ್ಕೆ ಜಾಗ ಸಿಕ್ಕ ಗಣ್ಯರೇ, ಜಾಗ ಸಿಗದೆ ಕೆಳಗೆ ಮುಖ ಉಬ್ಬಿಸಿ ಕುಳಿತ ಗಣ್ಯರೇ, ಸಭಿಕರೇ,

ಸವದತ್ತಿ ತಾಲೂಕಿನ ನೀರು ಪರೀಕ್ಷಿಸುತ್ತಿದ್ದ ಮಾಲಾ ಮೇಡಂ ಅವರಿಗೆ ಇಂದು ಬೀಳ್ಕೊಡುಗೆ. ಅವರು ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮೂರ ಶುದ್ಧ ನೀರಿನ ಘಟಕದಲ್ಲಿ ಫ್ಲೋರೈಡ್ ಹೆಚ್ಚಿದೆ ಎಂದು ಅವರು ಹೇಳಿದ್ದು ಹೋದ ತಿಂಗಳು. ವರ್ಗಾವಣೆ ಬಂದದ್ದು ಈ ತಿಂಗಳು. ಎರಡಕ್ಕೂ ಸಂಬಂಧವಿದೆಯೆಂದು ನಾನು ಅನ್ನುವುದಿಲ್ಲ. ಹೋದ ತಿಂಗಳಾದ ಮೇಲೆ ಈ ತಿಂಗಳು ಬರುವುದು ನಿಸರ್ಗದ ನಿಯಮ.

ವಿಜ್ಞಾನಕ್ಕೂ ರಾಜಕೀಯಕ್ಕೂ ಏನು ಸಂಬಂಧ? ಬೀಗರ ಸಂಬಂಧ. ಫೋಟೋದಲ್ಲಿ ಇಬ್ಬರೂ ನಗುತ್ತಾರೆ. ಘಟಕದ ಉದ್ಘಾಟನೆಯ ದಿನ ಅಧ್ಯಕ್ಷರು ರಿಬ್ಬನ್ ಕತ್ತರಿಸಿ, “ನೋಡ್ರಿ, ನಮ್ಮೂರಿಗೆ ವಿಜ್ಞಾನ ಬಂತು” ಅಂದರು. ನಾವು ಚಪ್ಪಾಳೆ ಹೊಡೆದೆವು. ಆ ವಿಜ್ಞಾನ ಬಾಯಿ ತೆರೆದಾಗ ಅವರೇ ಗ್ರಾಮಸಭೆ ಕರೆದು ಕೇಳಿದರು:

“ಒಬ್ಬ ಹೆಣ್ಮಗಳು ನೀರು ಕೆಟ್ಟೈತಿ ಅಂತಾರ. ಊರು ಏನಂತೈತಿ? ಚಲೋ ಐತಿ ಅನ್ನಾವ್ರು ಕೈ ಎತ್ರಿ!”

ಎಲ್ಲ ಕೈ ಮೇಲೆದ್ದವು. ಫ್ಲೋರೈಡಿಗೆ ಠೇವಣಿಯೂ ಉಳಿಯಲಿಲ್ಲ.

ಮೇಡಂ ಎದ್ದು ನಿಂತು, “ಸರ, ಕೈ ಎತ್ತಿದ್ರ ಜ್ವರಾ ಇಳಿತೈತೇನ್ರಿ?” ಎಂದು ಕೇಳಿದರು.

ಅಧ್ಯಕ್ಷರು ನಕ್ಕು, “ನೀವು ಊರಿಗೆ ಹೊಸಬ್ರು, ಮೇಡಂ” ಅಂದರು. ಅಷ್ಟೇ. ಬಹಳ ಮೆತ್ತಗೆ ಅಂದರು.

ನಾನೂ ಕೈ ಎತ್ತಿದ್ದೆ. ಹೆಡ್‌ಮಾಸ್ತರ ನಾನು; ನಮ್ಮ ಸಾಲಿಯ ಸೋರುವ ಹಂಚಿನ ದುರಸ್ತಿ ಯಾರ ಕೈಯಲ್ಲಿದೆ ಎಂದು ನಿಮಗೆ ಗೊತ್ತು. ಮನೆಗೆ ಹೋದರೆ ನನ್ನ ಹೆಂಡತಿ ಶಟ್ಟೆವ್ವ ಬಾಗಿಲಲ್ಲೇ ನಿಂತಿದ್ದಳು. “ಎತ್ತಿದ ಕೈಲೇ ಒಂದ್ ಕೊಡ ತುಂಬ್ಕೊಂಬರ್ರಿ. ನೀವ ಕುಡೀರಿ. ನಾ ಹಳೇ ಬಾವಿಗೆ ಹೊಂಟೆ.” ಅಂದಿನಿಂದ ನಮ್ಮ ಮನೆಯಲ್ಲಿ ಬಾವಿಯ ನೀರು. ಮೇಡಂ ಪರೀಕ್ಷಿಸಿ ಪಾಸು ಮಾಡಿದ್ದು. ಇದು ಇಲ್ಲಿ ಹೇಳುವ ಮಾತಲ್ಲ, ಬಾಯಿಗೆ ಬಂತು. ಹಿಂದಿನ ಸಾಲಿನವರು ಯಾಕೆ ನಗುತ್ತೀರಿ? ಬಾವಿಕಟ್ಟೆಯ ಮೇಲೆ ನಿಮ್ಮ ಕೊಡಗಳನ್ನೂ ನೋಡಿದ್ದೇನೆ.

ಇರಲಿ. ಸೋಮವಾರ ಆ ಘಟಕದ ನಳ ನಮ್ಮ ಸಾಲಿಗೆ ಜೋಡಿಸುತ್ತಾರಂತೆ. ಒಪ್ಪಿಗೆ ಪತ್ರಕ್ಕೆ ನನ್ನ ಸಹಿಯೊಂದು ಬಾಕಿ. ಮಕ್ಕಳನ್ನು ಕೈ ಎತ್ತಿ ಎಂದು ಯಾರೂ ಕೇಳಿಲ್ಲ, ಅವರಿಗೆ ಓಟಿಲ್ಲ. ಅವರು ಬರೀ ಕುಡಿಯುವವರು.

ಈಗ ಅಧ್ಯಕ್ಷೀಯ ಭಾಷಣ. ಅದಕ್ಕೂ ಮೊದಲು ಒಂದು ವಿನಂತಿ. ಅಧ್ಯಕ್ಷರ ಮುಂದಿನ ತಂಬಿಗೆಯಲ್ಲಿರುವುದು ಘಟಕದ ನೀರು, ಬೆಳಿಗ್ಗೆ ನಾನೇ ಹಿಡಿದು ತಂದೆ. ಒಂದು ಗುಟುಕಿನಿಂದ ಯಾರಿಗೂ ಏನೂ ಆಗುವುದಿಲ್ಲ, ಮೇಡಂ ಅವರೇ ಹೇಳಿದ್ದಾರೆ. ಸಾಹೇಬ್ರ, ತಾವು ಕುಡೀರಿ, ನಾನು ಇಲ್ಲೇ ಸಹಿ ಮಾಡತೇನಿ.

ಕುಡೀರಲ್ಲ, ಸಾಹೇಬ್ರ.

ಗಂಟಲು ಕೆಟ್ಟೈತ್ರಿ? ಹಂಗಾದ್ರ ನಿಮ್ಮ ಡ್ರೈವರ್ ಕಾರಿಗೆ ಓಡಿಹೋಗಿದ್ದು ಯಾವ ನೀರಿನ ಬಾಟಲಿ ತರಾಕ್ರಿ?

ಮೇಡಂ, ಈ ತಾಲೂಕಿನಲ್ಲಿ ಇದೇ ನಿಮ್ಮ ಕೊನೆಯ ಪರೀಕ್ಷೆ. ಫಲಿತಾಂಶವನ್ನು ಇಡೀ ಸಭೆ ನೋಡಿತು. ನಾನು ಪೆನ್ನು ಜೇಬಿಗೆ ಇಟ್ಟೆ. ಎಲ್ಲರಿಗೂ, ಮುಖ್ಯವಾಗಿ ಬಾಯಾರಿದ ಅಧ್ಯಕ್ಷರಿಗೆ, ಧನ್ಯವಾದ ಹೇಳಿ ಕುಳಿತುಕೊಳ್ಳುತ್ತೇನೆ. ನಮಸ್ಕಾರ.