ಗೇಟಿನವನ ಮನೆ

ಕಣ್ಣಾಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ಹಿಂದಿನ ಬೆಂಚಿನಲ್ಲಿ ವಾರಗಿತ್ತಿಯರಿಬ್ಬರು ಮಾತಾಡುತ್ತಿದ್ದರು. ಹಿರಿಯಾಕೆಯ ಗಂಡ ಹೋದ ವರ್ಷ ರೈಲು ನಿಲ್ದಾಣದ ಬೆಂಕಿಯಲ್ಲಿ ಸತ್ತ ಇನ್ನೂರು ಜನರಲ್ಲಿ ಒಬ್ಬ ಎಂದು ಮಾತಿನಲ್ಲೇ ತಿಳಿಯಿತು.

“ಆ ಬೆಂಕಿ ಮೇಲೆ ತೆಗೆದ ಸಿನಿಮಾ ಚೆನ್ನಾಗಿದೆ ಅಕ್ಕ. ಭಾವನ ದನಿ ಬಂದಾಗ ಇಡೀ ಥಿಯೇಟರ್ ಅಳ್ತಿತ್ತು.”

“ಅವರ ಕೊನೇ ಫೋನಿನ ರೆಕಾರ್ಡಿಂಗ್ ನಾನೇ ಕೊಟ್ಟಿದ್ದು. ಹೊಗೆ ಜಾಸ್ತಿ ಆಗಿದೆ, ಮಕ್ಕಳನ್ನ ನೋಡ್ಕೋ. ಅಷ್ಟೇ ಇತ್ತು.”

“ಸ್ಟೇಷನ್ ಗೇಟಿನವನು ಬೀಗ ಹಾಕಿ ಓಡಿಹೋದ ಅಂತ ಸಿನಿಮಾದಲ್ಲಿ ಭಾವ ಹೇಳ್ತಾರಲ್ಲ?”

“ಅದನ್ನ ಅವರು ಹೇಳೇ ಇಲ್ಲ ಕಣೆ.”

“ದನಿ ಅವರದೇ ಅಕ್ಕ. ಆ ಕೆಮ್ಮೂ ಅವರದೇ.”

“ಸಿನಿಮಾದವರು ಆ ಮಾತನ್ನ ಕಂಪ್ಯೂಟರಲ್ಲಿ ಮಾಡಿಸಿದಾರೆ. ಯಾಕೆ ಅಂತ ಕೇಳಿದ್ರೆ, ಕಥೆಗೆ ಒಬ್ಬ ಕೆಟ್ಟವನು ಬೇಕಲ್ಲಮ್ಮ ಅಂದ್ರು.”

ಕಿರಿಯಾಕೆ ದನಿ ತಗ್ಗಿಸಿದಳು.

“ನಮ್ಮನೆಯವರು ಮೂರು ಸಲ ನೋಡಿದಾರೆ. ಬೆಳಿಗ್ಗೆ ಗೇಟಿನವನ ಮನೆ ಎಲ್ಲಿ ಅಂತ ಕೇಳಿದ್ರು.”

“ನೀನು ಹೇಳಿಲ್ಲ ತಾನೆ?”

“ಅವನ ಹೆಂಡತಿ ನನ್ನ ಜೊತೇಲೇ ಹೊಲಿಗೆ ಕೆಲಸ ಮಾಡೋದಲ್ವಾ. ಹೇಳ್ಬಿಟ್ಟೆ.”

“ಫೋನ್ ಮಾಡು ನಿನ್ನ ಗಂಡನಿಗೆ.”

“ಆಗಿಂದ ಮಾಡ್ತಾನೇ ಇದೀನಿ ಅಕ್ಕ. ಎತ್ತುತ್ತಿಲ್ಲ.”

ಒಳಗಿನಿಂದ ನರ್ಸ್ ಹಿರಿಯಾಕೆಯ ನಂಬರ್ ಕೂಗಿದರು. ಅಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಓಡಿಯಾಗಿತ್ತು.